ಅಟ್ಟ ಮೇಲೆ ಉರಿಯುವ ಒಲೆಗಳು

ಬಾಸ್ಟನ್ ನಗರದ ಹೊರವಲಯದಲ್ಲಿ ನಾನು ಕ್ಷೌರಕ್ಕೆ ಹೋಗುವ ಅಂಗಡಿಯಲ್ಲಿ ಮೂರು ಕುರ್ಚಿಗಳಿವೆ. ಮೂರರಲ್ಲೂ ಯಾವಾಗಲೂ ರೆಡ್ ಸಾಕ್ಸ್ ಬೇಸ್‌ಬಾಲ್ ತಂಡದ ಮ್ಯಾನೇಜರುಗಳೇ ಕೂತಿರುತ್ತಾರೆ. ಸಂಬಳ ತೆಗೆದುಕೊಳ್ಳುವ ಮ್ಯಾನೇಜರ್ ಬೇರೊಬ್ಬನಿದ್ದಾನೆ, ತಂಡದ ಮೈದಾನ ಫೆನ್‌ವೇ ಪಾರ್ಕಿನಲ್ಲಿ ಕೆಲಸ ಮಾಡುತ್ತಾನೆ. ಪಾಪ, ಅವನು ರಾತ್ರಿ ಒಂಬತ್ತು ಗಂಟೆಗೆ, ಆಟ ಇನ್ನೂ ನಡೆಯುತ್ತಿರುವಾಗಲೇ ತೀರ್ಮಾನ ತೆಗೆದುಕೊಳ್ಳಬೇಕು. ಕ್ಷೌರದಂಗಡಿಯ ಮ್ಯಾನೇಜರುಗಳು ತಮ್ಮ ತೀರ್ಮಾನವನ್ನು ಮರುದಿನ ಬೆಳಿಗ್ಗೆ ಹತ್ತಕ್ಕೆ, ಫಲಿತಾಂಶ ನೋಡಿಕೊಂಡು ತೆಗೆದುಕೊಳ್ಳುತ್ತಾರೆ. ಇಷ್ಟು ವರ್ಷದಲ್ಲಿ ಅವರ ಲೆಕ್ಕ ಒಮ್ಮೆಯೂ ತಪ್ಪಿದ್ದನ್ನು ನಾನು ಕಂಡಿಲ್ಲ.

ಹಾಸನದ ಕಡೆಯ ನನ್ನ ಮಿತ್ರರೊಬ್ಬರು 2003ರಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆಂದು ಇಲ್ಲಿಗೆ ಬಂದರು. ಬಂದ ಎರಡು ತಿಂಗಳಿಗೆ, ಬೇಸ್‌ಬಾಲಿನಲ್ಲಿ ಒಂದು ಕಡೆಗೆ ಎಷ್ಟು ಜನ ಆಡುತ್ತಾರೆ ಎಂಬುದು ತಿಳಿಯುವ ಮೊದಲೇ, ಗ್ರೇಡಿ ಲಿಟಲ್ ಎಂಬ ಮನುಷ್ಯನನ್ನು ಬೈಯುವುದನ್ನು ಕಲಿತರು. ಹೊಸಬರಿಗೆ ಈ ಊರು ಮೊದಲು ಕೊಡುವ ಪೌರತ್ವ ಅದು. ವೀಸಾದ ಗೊಡವೆಯಿಲ್ಲ.

ಲಿಟಲ್ ಮಾಡಿದ ಅಪರಾಧ ಇಷ್ಟು. 2003ರ ಅಕ್ಟೋಬರ್ 16ರ ರಾತ್ರಿ ನ್ಯೂಯಾರ್ಕಿನಲ್ಲಿ ಯಾಂಕೀಸ್ ವಿರುದ್ಧ ಏಳನೆಯ, ಕೊನೆಯ ಪಂದ್ಯ. ಗೆದ್ದವರಿಗೆ ವರ್ಲ್ಡ್ ಸೀರೀಸ್ ಎಂಬ ವರ್ಷದ ಅಂತಿಮ ಸರಣಿಗೆ ಪ್ರವೇಶ. ಒಂಬತ್ತು ಇನಿಂಗ್ಸಿನ ಆಟ ಎಂಟನೆಯದಕ್ಕೆ ಬರುವಾಗ ರೆಡ್ ಸಾಕ್ಸ್ 5–2ರಿಂದ ಮುಂದಿತ್ತು. ಚೆಂಡು ಎಸೆಯುತ್ತಿದ್ದವನು ಆ ಕಾಲದ ಮಹಾ ಪಿಚರ್ ಪೆಡ್ರೊ ಮಾರ್ಟಿನೆಜ್. ಪಿಚರ್ ಎಂದರೆ ನಮ್ಮ ಬೌಲರ್ ಇದ್ದ ಹಾಗೆಯೇ. ಆದರೆ ಅವನಿಗೆ ಓವರ್ ಮುಗಿಯಿತೆಂದು ಬೌಂಡರಿ ಬಳಿ ನಿಂತು ಸುಧಾರಿಸಿಕೊಳ್ಳುವ ಭಾಗ್ಯವಿಲ್ಲ. ನೂರು ಎಸೆತದ ಆಸುಪಾಸಿಗೆ ತೋಳು ಸೋಲುತ್ತದೆ, ಒಮ್ಮೆ ಹೊರಗೆ ಹೋದವನು ಆ ಪಂದ್ಯಕ್ಕೆ ಮರಳುವಂತಿಲ್ಲ. ಪೆಡ್ರೊ ಆಗಲೇ ನೂರು ದಾಟಿದ್ದ. ಒಂದು ರನ್ ಹೋಗಿ 5–3 ಆದಾಗ ಲಿಟಲ್ ಚೆಂಡೆಸೆಯುವ ದಿಬ್ಬದವರೆಗೆ ನಡೆದು ಹೋದ, ಕೈಲಾಗುತ್ತದೆಯೇ ಎಂದು ವಿಚಾರಿಸಿದ, ಆಗುತ್ತದೆ ಎಂದದ್ದನ್ನು ನಂಬಿ ಒಬ್ಬನೇ ಹಿಂದಿರುಗಿದ. ಸ್ವಲ್ಪ ಹೊತ್ತಿಗೆ 5–5. ಹನ್ನೊಂದನೆಯ ಇನಿಂಗ್ಸಿನಲ್ಲಿ ಯಾಂಕೀಸ್‌ನ ಆರನ್ ಬೂನ್ ನಮ್ಮ ಸಿಕ್ಸರಿನಂಥ ಹೋಮ್ ರನ್ ಹೊಡೆದು ಪಂದ್ಯ ಮುಗಿಸಿದ. ಆ ತಿಂಗಳು ಮುಗಿಯುವುದರೊಳಗೆ ಲಿಟಲ್‌ನ ನೌಕರಿಯೂ ಮುಗಿಯಿತು.

ಕ್ಷೌರದಂಗಡಿಯ ತೀರ್ಪು ಈಗಲೂ ಊರ್ಜಿತದಲ್ಲಿದೆ: ದೊಡ್ಡ ಆಟಗಾರನೆಂಬ ದಾಕ್ಷಿಣ್ಯ ಯಾಕೆ ಬೇಕಿತ್ತು? ಅಂಕಿಸಂಖ್ಯೆ ನೋಡಬೇಕಿತ್ತು. ನೂರು ಎಸೆತದ ಆಚೆಗಿನ ಪೆಡ್ರೊ ಬೇರೆಯೇ ಮನುಷ್ಯ ಎಂದು ಲೆಕ್ಕ ಕೂಗಿ ಹೇಳುತ್ತಿತ್ತು.

ಸರಿ, ಲೆಕ್ಕ ನೋಡುವವನೂ ಬಂದ. 2020ರ ಅಕ್ಟೋಬರ್ 27, ವರ್ಲ್ಡ್ ಸೀರೀಸ್‌ನ ಆರನೆಯ ಪಂದ್ಯ, ಟ್ಯಾಂಪಾ ಬೇ ರೇಸ್ ಮತ್ತು ಲಾಸ್ ಏಂಜಲೀಸ್ ಡಾಡ್ಜರ್ಸ್ ನಡುವೆ. ರೇಸ್‌ನ ಪಿಚರ್ ಬ್ಲೇಕ್ ಸ್ನೆಲ್ ಒಂಬತ್ತು ಜನರನ್ನು ಸ್ಟ್ರೈಕ್‌ಔಟ್, ಎಂದರೆ ಬರೀ ತನ್ನ ಎಸೆತದಿಂದಲೇ ಔಟ್, ಮಾಡಿದ್ದ, ತಂಡ 1–0ಯಿಂದ ಮುಂದಿತ್ತು. ಆರನೆಯ ಇನಿಂಗ್ಸಿನಲ್ಲಿ ಒಬ್ಬ ಬ್ಯಾಟರ್ ಒಂದು ಸಣ್ಣ ಹೊಡೆತ ಹೊಡೆದು ರನ್ನಿಗಾಗಿ ಸುತ್ತಬೇಕಾದ ನಾಲ್ಕು ಬೇಸುಗಳಲ್ಲಿ ಮೊದಲನೆಯದಕ್ಕೆ ತಲುಪಿದ. ಮುಂದೆ ಬರಬೇಕಾದವನು ಮೂಕಿ ಬೆಟ್ಸ್, ಆ ರಾತ್ರಿ ಸ್ನೆಲ್ ಎದುರು ಎರಡು ಸಲವೂ ಸ್ಟ್ರೈಕ್‌ಔಟ್ ಆಗಿದ್ದವನು. ಒಬ್ಬನೇ ಪಿಚರ್‌ನನ್ನು ಮೂರನೆಯ ಸಲ ಎದುರಿಸುವ ಬ್ಯಾಟರ್ ಹೆಚ್ಚು ಚೆನ್ನಾಗಿ ಹೊಡೆಯುತ್ತಾನೆ ಎನ್ನುತ್ತದೆ ಲೆಕ್ಕ. ಮ್ಯಾನೇಜರ್ ಕೆವಿನ್ ಕ್ಯಾಶ್ ಲೆಕ್ಕದ ಮಾತು ಕೇಳಿದ. ಬರೀ 73 ಎಸೆತಕ್ಕೆ ಸ್ನೆಲ್‌ನನ್ನು ತೆಗೆದ. ಹೊಸಬನ ಚೆಂಡಿಗೆ ಬೆಟ್ಸ್ ಡಬಲ್ ಹೊಡೆದು ಎರಡನೆಯ ಬೇಸ್ ಮುಟ್ಟಿದ. ಡಾಡ್ಜರ್ಸ್ 3–1ರಿಂದ ಗೆದ್ದು ಪ್ರಶಸ್ತಿ ಎತ್ತಿತು.

ಅದು ಕೊರೊನಾ ಕಾಲ. ಮಾರನೆಯ ವಾರ ಮೂರೂ ಕುರ್ಚಿಗಳು ಮುಖಗವಸಿನೊಳಗಿನಿಂದಲೇ ಗುಡುಗಿದವು: ಲೆಕ್ಕವಂತೆ ಲೆಕ್ಕ! ಕಣ್ಣಿರಲಿಲ್ಲವೇ? ಚೆನ್ನಾಗಿ ಎಸೆಯುತ್ತಿರುವವನನ್ನು ಯಾರಾದರೂ ತೆಗೆಯುತ್ತಾರೆಯೇ? ಎರಡು ವಾರದ ನಂತರ ಕ್ಯಾಶ್‌ಗೆ ಆ ವರ್ಷದ ಅಮೆರಿಕನ್ ಲೀಗ್‌ನ ಶ್ರೇಷ್ಠ ಮ್ಯಾನೇಜರ್ ಪ್ರಶಸ್ತಿ ಬಂತು. ಮತಗಳು ಪ್ಲೇಆಫ್ ಎಂಬ ನಾಕೌಟ್ ಹಂತಕ್ಕೆ ಮೊದಲೇ ಬಿದ್ದಿದ್ದವು ಎಂಬುದು ಅವನ ಪುಣ್ಯ.

ಈ ಎರಡು ರಾತ್ರಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹಾಸನದ ಮಿತ್ರರನ್ನು ಕೇಳಿದೆ: ಹಾಗಾದರೆ ಪಿಚರ್‌ನನ್ನು ತೆಗೆಯಬೇಕೋ, ಬಿಡಬೇಕೋ?

“ನೋಡಿ ಸ್ವಾಮಿ, ತೆಗೆಯಬೇಕಾದಾಗ ತೆಗೆಯಬೇಕು, ಬಿಡಬೇಕಾದಾಗ ಬಿಡಬೇಕು” ಎಂದರು.

ಯಾವುದು ಯಾವಾಗ ಎಂದು ಹೇಗೆ ಗೊತ್ತಾಗುತ್ತದೆ?

“ಮೊದಲು ಆಟ ಮುಗಿಯಲಿ.”

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂದು ನಮ್ಮ ಅಜ್ಜಿಯರು ನಿಟ್ಟುಸಿರು ಬಿಡುತ್ತಿದ್ದರು. ಇಲ್ಲಿ ಅದಕ್ಕೆ ಕ್ರೀಡಾ ವಿಶ್ಲೇಷಣೆ ಎನ್ನುತ್ತಾರೆ. ಬೆಳಗಿನ ಆರರಿಂದ ರೇಡಿಯೊದಲ್ಲಿ ಬರುತ್ತದೆ.

ಆ ಮೂಕಿ ಬೆಟ್ಸ್ ವಿಷಯವನ್ನು ಬಾಸ್ಟನ್ನಿನವರ ಮುಂದೆ ಎತ್ತಬಾರದು, ಆದರೆ ಈ ಅಂಕಣವನ್ನು ಅವರು ಓದುವುದಿಲ್ಲ. 2018ರಲ್ಲಿ ರೆಡ್ ಸಾಕ್ಸ್ 108 ಪಂದ್ಯ ಗೆದ್ದು ವರ್ಲ್ಡ್ ಸೀರೀಸನ್ನೂ ಗೆದ್ದಾಗ ಲೀಗಿನ ಅತಿ ಮೌಲ್ಯಯುತ ಆಟಗಾರ ಅವನೇ. 2020ರ ಫೆಬ್ರವರಿಯಲ್ಲಿ ಅವನನ್ನು ಡಾಡ್ಜರ್ಸ್‌ಗೆ ಕೊಟ್ಟು ಮೂವರನ್ನು ತಂದರು. ಕಾರಣ, ಸಂಬಳದ ಮೊತ್ತ ಮಿತಿ ಮೀರಿದರೆ ಕಟ್ಟಬೇಕಾದ ತೆರಿಗೆ. ಬೆಳೆ ಕೈಗೆ ಬಂದಾಗ ಕಂದಾಯಕ್ಕೆ ಹೆದರಿ ಗದ್ದೆಯನ್ನೇ ಮಾರಿದ ಹಾಗೆ. ತಂದ ಮೂವರಲ್ಲಿ ಒಬ್ಬನ ಹೆಸರು ಜೀಟರ್ ಡೌನ್ಸ್. ಬದ್ಧವೈರಿ ಯಾಂಕೀಸ್‌ನ ನಾಯಕನಾಗಿದ್ದ ಡೆರೆಕ್ ಜೀಟರ್ ಮೇಲಿನ ಅಭಿಮಾನಕ್ಕೆ ತಂದೆತಾಯಿ ಇಟ್ಟ ಹೆಸರು! ಇನ್ನೊಬ್ಬ ಅಲೆಕ್ಸ್ ವರ್ಡೂಗೊ. ಅವನನ್ನು 2023ರ ಡಿಸೆಂಬರಿನಲ್ಲಿ ಸಾಕ್ಷಾತ್ ಯಾಂಕೀಸ್‌ಗೇ ಕಳುಹಿಸಿಕೊಟ್ಟರು. ಬೆಟ್ಸ್ ಹೋದ ವರ್ಷವೇ ಅಲ್ಲಿ ಪ್ರಶಸ್ತಿ ಗೆದ್ದ. 2024ರಲ್ಲಿ, 2025ರಲ್ಲಿ ಮತ್ತೆ ಗೆದ್ದ. ಹೀಗಾಗಿ ಸ್ನೆಲ್‌ನನ್ನು ತೆಗೆದ ರಾತ್ರಿ ಇಲ್ಲಿಯವರಿಗೆ ಎರಡು ಸೂತಕ: ಒಂದು ಪಕ್ಕದ ಮನೆಯದು, ಇನ್ನೊಂದು ಸ್ವಂತದ್ದು.

ಇದರಲ್ಲಿ ಆಡಳಿತದ ತಪ್ಪನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕ್ರಿಸ್ ಸೇಲ್ ಕಥೆ ಬಂದಾಗ ಮಾತ್ರ ಕುರ್ಚಿಗಳ ಕಡೆ ತಿರುಗಿ ನೋಡಬೇಕಾಗುತ್ತದೆ. 14 ಕೋಟಿ 50 ಲಕ್ಷ ಡಾಲರಿನ ಒಪ್ಪಂದ ಮಾಡಿಕೊಂಡ ಪಿಚರ್ ಇವನು. 2020ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ. 2022ರಲ್ಲಿ ಮೊದಲು ಪಕ್ಕೆಲುಬು, ಆಮೇಲೆ ಕಿರುಬೆರಳು. ಅದು ವಾಸಿಯಾಗುವ ಮೊದಲು, ಊಟ ತರಲು ಸೈಕಲ್ ಏರಿ ಹೋಗಿ ಬಿದ್ದು ಮಣಿಕಟ್ಟು ಮುರಿದುಕೊಂಡ. ಆ ದಿನ ನಾನು ಕುರ್ಚಿಯಲ್ಲಿದ್ದೆ. ಕತ್ತರಿ ನನ್ನ ಕಿವಿಯ ಪಕ್ಕದಲ್ಲೇ ಆವೇಶದಿಂದ ಓಡಾಡಿತು: “ಈ ಗಾಜಿನ ಬೊಂಬೆಯನ್ನು ಯಾರಿಗಾದರೂ ಕೊಡಿ. ಪುಕ್ಕಟೆಯಾಗಿಯಾದರೂ ಕೊಡಿ. ಬೇಕಾದರೆ ಕೈಯಿಂದ ದುಡ್ಡು ಹಾಕಿ ಕೊಡಿ.”

ಆಡಳಿತ ಅಪರೂಪಕ್ಕೆ ಜನರ ಮಾತು ಕೇಳಿತು. ಆಟಗಾರರನ್ನು ಕೊಟ್ಟು ತರುವ ಮುಖ್ಯಾಧಿಕಾರಿ ಕ್ರೇಗ್ ಬ್ರೆಸ್ಲೋ ತಾನೂ ಪಿಚರ್ ಆಗಿದ್ದವನು, ಯೇಲ್ ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರ ಓದಿದವನು. 2023ರ ಡಿಸೆಂಬರ್ ಕೊನೆಯಲ್ಲಿ ಸೇಲ್‌ನನ್ನು ಅಟ್ಲಾಂಟಾಕ್ಕೆ ಕಳುಹಿಸಿ, ಜೊತೆಗೆ 1 ಕೋಟಿ 70 ಲಕ್ಷ ಡಾಲರನ್ನೂ ಮಡಿಲಿಗೆ ಹಾಕಿ, ಬದಲಿಗೆ ವಾನ್ ಗ್ರಿಸಮ್ ಎಂಬ ಯುವಕನನ್ನು ತಂದ. ಮಗಳ ಮದುವೆಗೂ ಇಷ್ಟು ಬಳುವಳಿ ಕೊಡುವವರನ್ನು ನಾನು ನೋಡಿಲ್ಲ. 2024ರಲ್ಲಿ ಸೇಲ್ 18 ಪಂದ್ಯ ಗೆದ್ದ, ಮೂರನ್ನು ಸೋತ, 225 ಜನರನ್ನು ಸ್ಟ್ರೈಕ್‌ಔಟ್ ಮಾಡಿ ಶ್ರೇಷ್ಠ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ ಪಡೆದ. ಗ್ರಿಸಮ್ ತೊಡೆಯ ಸ್ನಾಯು ನೋಯಿಸಿಕೊಂಡು, ಆ ವರ್ಷ ಇಡೀ 31 ಪಂದ್ಯ ಆಡಿದ.

ಅದೇ ಕತ್ತರಿ, ಅದೇ ಕಿವಿ: “ಸೇಲ್‌ನಂಥವನನ್ನು ಕೈಬಿಟ್ಟ ಮೂರ್ಖರು! ನಾನು ಆವತ್ತೇ ಹೇಳಿದ್ದೆ.” ಹೇಳಿದ್ದು ನಿಜ. ಏನು ಹೇಳಿದ್ದು ಎಂದು ನೆನಪಿಸಬಹುದಿತ್ತು. ಕಿವಿ ನನ್ನದು, ಕತ್ತರಿ ಅವನದು.

ಇದರ ಉಲ್ಟಾ ಕಥೆಯನ್ನು ಮಾತ್ರ ಯಾರೂ ತಾವಾಗಿ ಹೇಳುವುದಿಲ್ಲ. 2004ರ ಜುಲೈ 31ರಂದು ಊರಿನ ಕಣ್ಮಣಿ ನೋಮರ್ ಗಾರ್ಸಿಯಾಪಾರಾನನ್ನು ಬೇರೆ ತಂಡಕ್ಕೆ ಕೊಟ್ಟಾಗ ಇಲ್ಲಿ ಒಲೆ ಹಚ್ಚದ ಮನೆಗಳಿದ್ದವಂತೆ. ಮೂರು ತಿಂಗಳಿಗೆ ತಂಡ ವರ್ಲ್ಡ್ ಸೀರೀಸ್ ಗೆದ್ದಿತು, 86 ವರ್ಷಗಳ ನಂತರ. ಆ ವಿನಿಮಯವನ್ನು ವಿರೋಧಿಸಿದ್ದ ಒಬ್ಬನೇ ಒಬ್ಬ ಮನುಷ್ಯನನ್ನು ನಾನು ಇನ್ನೂ ಹುಡುಕುತ್ತಿದ್ದೇನೆ.

ಆ 86 ವರ್ಷಗಳಿಗೂ ಒಂದು ವಿವರಣೆ ಇತ್ತು. ಹ್ಯಾರಿ ಫ್ರೇಜಿ ಎಂಬ ನಾಟಕ ಕಂಪನಿಯ ಯಜಮಾನ ತಂಡದ ಒಡೆಯನಾಗಿದ್ದ. 1919ರ ಕೊನೆಯ ವಾರದಲ್ಲಿ ಅವನು ಮಹಾ ಆಟಗಾರ ಬೇಬ್ ರುತ್‌ನನ್ನು ಒಂದು ಲಕ್ಷ ಡಾಲರಿಗೆ ಯಾಂಕೀಸ್‌ಗೆ ಮಾರಿ, ಫೆನ್‌ವೇ ಪಾರ್ಕನ್ನು ಅಡವಿಟ್ಟು ಅವರಿಂದಲೇ ಸಾಲವನ್ನೂ ಎತ್ತಿದ. ಅಂದಿನಿಂದ ರುತ್‌ನ ಶಾಪ ಎಂದರು. ನದಿಯ ಆಚೆ ದಡದಲ್ಲಿ ಹಾರ್ವರ್ಡ್ ಇದೆ, ಎಂಐಟಿ ಇದೆ. ಇತ್ತ ದಡದಲ್ಲಿ ಶಾಪ. ರುತ್ ಒಂದು ಪಿಯಾನೊವನ್ನು ಸಡ್‌ಬರಿಯ ಕೆರೆಗೆ ನೂಕಿದ್ದ ಎಂಬ ಐತಿಹ್ಯ ನಂಬಿ, ಅದನ್ನು ಎತ್ತಿ ಸರಿಪಡಿಸಿದರೆ ಶಾಪ ಇಳಿದೀತೆಂದು ಮುಳುಗುವವರನ್ನು ನೀರಿಗಿಳಿಸಿ ಹುಡುಕಿಸಿದರು. ಮಳೆಗಾಗಿ ಕತ್ತೆಗಳಿಗೆ ಮದುವೆ ಮಾಡುವ ನಮ್ಮ ಊರಿನ ಸುದ್ದಿ ಓದಿ ನಕ್ಕ ಸಹೋದ್ಯೋಗಿಗೆ ಇದನ್ನು ನೆನಪಿಸಿದೆ. ಅದು ಬೇರೆ ಎಂದ. ಹೌದು, ಕತ್ತೆಗಳಾದರೂ ಸಿಗುತ್ತವೆ.

ಒಡೆಯರ ಪೈಕಿ ಈಗಿನವನೂ ಕಡಿಮೆಯಲ್ಲ. ಜಾನ್ ಹೆನ್ರಿ ಸೋಯಾಬೀನ್‌ನಂಥ ಸರಕುಗಳ ಸಟ್ಟಾ ವ್ಯಾಪಾರದಲ್ಲಿ ದುಡ್ಡು ಮಾಡಿದವನು. 2013ರಲ್ಲಿ ಊರಿನ ದೊಡ್ಡ ಪತ್ರಿಕೆ ಬಾಸ್ಟನ್ ಗ್ಲೋಬ್ ಅನ್ನೂ ಕೊಂಡುಕೊಂಡ. ಎಂದರೆ, ಅವನ ತಂಡ ಸೋತರೆ ಅವನನ್ನು ಬೈಯುವ ಅಂಕಣ ಅವನದೇ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಸೋಲಿನ ಮರುದಿನ ಓದುಗರ ಆಸಕ್ತಿ ಹೆಚ್ಚು. ಸೋಯಾಬೀನಿನಲ್ಲೂ ಬೆಲೆ ಬಿದ್ದಾಗ ಗಳಿಸುವ ಉಪಾಯವಿದೆ.

ರಾಫೆಲ್ ಡೆವರ್ಸ್ ಪ್ರಸಂಗ ಚಿಕ್ಕದು. 31 ಕೋಟಿ 35 ಲಕ್ಷ ಡಾಲರ್ ಕೊಟ್ಟು ಹತ್ತು ವರ್ಷಕ್ಕೆ ಕಟ್ಟಿಹಾಕಿಕೊಂಡಿದ್ದವನಿಗೆ 2025ರಲ್ಲಿ, ಮೂರನೆಯ ಬೇಸ್ ಕಾಯುವುದು ಬಿಡು, ಬರೀ ಬ್ಯಾಟ್ ಮಾಡು ಎಂದರು. ಕಷ್ಟಪಟ್ಟು ಬಿಟ್ಟ. ಮೇ ತಿಂಗಳಲ್ಲಿ, ಒಂದನೆಯ ಬೇಸ್ ಕಾಯುವವನಿಗೆ ಪೆಟ್ಟಾಗಿದೆ, ಅದನ್ನು ಕಾಯಿ ಎಂದರು. ಆಗುವುದಿಲ್ಲ ಎಂದ. ಜೂನ್ 15ರಂದು ಯಾಂಕೀಸನ್ನು ಮೂರಕ್ಕೆ ಮೂರೂ ಪಂದ್ಯ ಸೋಲಿಸಿದ ಸಂಜೆಯೇ ಅವನನ್ನು ಸ್ಯಾನ್‌ಫ್ರಾನ್ಸಿಸ್ಕೊಗೆ ಕಳುಹಿಸಿದರು. ಗೆದ್ದ ಸಂಭ್ರಮದ ಊಟಕ್ಕೆ ಕೂತಿದ್ದಾಗ ಎಲೆ ಎತ್ತಿದಂತಾಯಿತು. ಬದಲಿಗೆ ಬಂದವರಲ್ಲಿ ಒಬ್ಬನನ್ನು ಆರೇಳು ವಾರದಲ್ಲಿ ಮತ್ತೆ ಡಾಡ್ಜರ್ಸ್‌ಗೆ ದಾಟಿಸಿದರು. ಡಾಡ್ಜರ್ಸ್‌ಗೆ ಏನನ್ನಾದರೂ ಕೊಡದಿದ್ದರೆ ಇವರಿಗೆ ನಿದ್ದೆ ಬರುವುದಿಲ್ಲ.

ಅದೇ ವರ್ಷ ಅಕ್ಟೋಬರಿನ ಹೊಸ್ತಿಲಲ್ಲಿ ಯಾಂಕೀಸ್ ಎದುರು ಮೂರು ಪಂದ್ಯಗಳ ಪ್ಲೇಆಫ್. ಮೂರನೆಯದರಲ್ಲಿ ರೆಡ್ ಸಾಕ್ಸ್ 4–0ಯಿಂದ ಸೋತಿತು. ಎಂಟು ಇನಿಂಗ್ಸ್ ಎಸೆದು ಹನ್ನೆರಡು ಜನರನ್ನು ಸ್ಟ್ರೈಕ್‌ಔಟ್ ಮಾಡಿದ ಯಾಂಕೀಸ್‌ನ ಕ್ಯಾಮ್ ಶ್ಲಿಟ್ಲರ್ ಬೆಳೆದದ್ದು ಬಾಸ್ಟನ್ ಬಳಿಯ ವಾಲ್ಪೋಲಿನಲ್ಲಿ, ಓದಿದ್ದು ಬಾಸ್ಟನ್ನಿನಲ್ಲೇ. ನಮ್ಮ ಹಿತ್ತಿಲಿನ ಹುಡುಗ ಎಂದು ಕೆಲವರು ಅತ್ತರು. ಮೂರನೆಯ ಕುರ್ಚಿಯಾತ ಮಾತ್ರ ಶಾಂತನಾಗಿದ್ದ. ಆ ಹುಡುಗ ಶಾಲೆಯಲ್ಲಿ ಆಡುವಾಗಲೇ ತನಗೆ ಗೊತ್ತಾಗಿತ್ತಂತೆ. ಯಾರಿಗೂ ಹೇಳಿರಲಿಲ್ಲ, ಅಷ್ಟೇ.

ಆ ಸೋಲಿನ ನಂತರ ನಮ್ಮ ಕನ್ನಡ ಕೂಟದ ದೀಪಾವಳಿ ಊಟ ಬಂತು. ಬಾಡಿಗೆಯ ಸಭಾಂಗಣದ ಅಡುಗೆಮನೆಯಲ್ಲಿ ದಾವಣಗೆರೆಯ ಯುವಕನೊಬ್ಬ ಒಂದು ಗಂಟೆಯಿಂದ ಉದ್ದಿನ ವಡೆ ಕರಿಯುತ್ತಿದ್ದ. ಒಂದೊಂದೂ ಹೊಂಬಣ್ಣ, ನಡುವೆ ನಾಣ್ಯದಷ್ಟು ತೂತು. ಇದ್ದಕ್ಕಿದ್ದಂತೆ ಅವನನ್ನು ಬಾಣಲೆಯಿಂದ ಎಬ್ಬಿಸಿ ಎಲೆ ಹಾಕಲು ಕಳುಹಿಸಿ, ಬೇರೊಬ್ಬರನ್ನು ನಿಲ್ಲಿಸಿದರು. ಮೂರನೆಯ ಸುತ್ತಿನಿಂದ ವಡೆಗಳು ಹೊರಗೆ ಕಪ್ಪಾಗಿ, ಒಳಗೆ ಹಸಿಹಿಟ್ಟಾಗಿ ಬರತೊಡಗಿದವು.

ಸರದಿಯಲ್ಲಿ ನನ್ನ ಮುಂದಿದ್ದ ಹಾಸನದ ಮಿತ್ರರು ಒಂದನ್ನು ಮುರಿದು ನೋಡಿ ತಲೆಯಾಡಿಸಿದರು. “ಬ್ಲೇಕ್ ಸ್ನೆಲ್” ಎಂದರು. “ಚೆನ್ನಾಗಿ ಕರಿಯುತ್ತಿದ್ದವನನ್ನು ಯಾರಾದರೂ ತೆಗೆಯುತ್ತಾರೆಯೇ ಸ್ವಾಮಿ? ಈ ಸಮಿತಿಯವರಿಗೆ ಕಣ್ಣಿಲ್ಲವೇ?”

ಚಟ್ನಿ ಬಡಿಸುತ್ತಿದ್ದ ಸಮಿತಿಯ ಕಾರ್ಯದರ್ಶಿ ಸೌಟು ಕೆಳಗಿಟ್ಟರು. “ಹುಡುಗನ ಕೈ ಸೋತಿರುತ್ತದೆ, ಗಂಟೆಗೊಬ್ಬರನ್ನು ಬದಲಿಸಿ ಎಂದು ಅಡುಗೆಮನೆಗೆ ಬಂದು ಹೇಳಿದವರು ನೀವೇ ಅಲ್ಲವೇ ಸಾರ್?”

ಮಿತ್ರರು ತಟ್ಟೆಯನ್ನು ಪಾಯಸದ ಕಡೆಗೆ ಚಾಚಿ, ಸರದಿಯಲ್ಲಿ ಎರಡು ಹೆಜ್ಜೆ ಮುಂದೆ ಸರಿದರು.