ಕಿಲೋಮೀಟರನ್ನು ವೇಗದಿಂದ ಭಾಗಿಸಿದರೆ ಸಾಲದು

ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ನಡುವೆ ಸುಮಾರು 14,000 ಕಿ.ಮೀ., ವಿಮಾನದ ವೇಗ ಗಂಟೆಗೆ 900 ಕಿ.ಮೀ., ಆದ್ದರಿಂದ ಹೋಗಲೂ ಬರಲೂ ಹದಿನೈದೂವರೆ ಗಂಟೆ ಎಂದು ವಿಮಾನಯಾನದ ಕುರಿತ ಲೇಖನವೊಂದರಲ್ಲಿ ಲೇಖಕರು ಹಾಕಿರುವ ಲೆಕ್ಕವನ್ನು ನಾನು ಒಪ್ಪಲಾರೆ. ಆ 14,000 ಕಿ.ಮೀ. ಎಂಬುದು ಭೂಗೋಳದ ಮೇಲೆ ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ಸಿಗುವ ಅತಿ ಚಿಕ್ಕ ದೂರ. ಆ ದಾರ ಉತ್ತರ ಧ್ರುವದ ಹತ್ತಿರ ಹಾದುಹೋಗುತ್ತದೆ. 2021ರ ಜನವರಿಯಲ್ಲಿ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳು ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ತಂದದ್ದು ಧ್ರುವದ ದಾರಿಯಲ್ಲೇ. ಅದನ್ನು ನೆನೆದರೆ ಈಗಲೂ ಹೆಮ್ಮೆಯೆನಿಸುತ್ತದೆ.

ಲೇಖಕರು ಗಾಳಿಯನ್ನು ಪೂರ್ತಿ ಮರೆತಿದ್ದಾರೆ. ಹತ್ತು ಹನ್ನೊಂದು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಚಳಿಗಾಲದಲ್ಲಿ ಗಂಟೆಗೆ 200 ಕಿ.ಮೀ. ಮೀರುವುದುಂಟು. ಮಗಳ ಬಾಣಂತನಕ್ಕೆಂದು ನಾವು ಬೆಂಗಳೂರಿನಿಂದ ಹೊರಟಾಗ ವಿಮಾನ ಧ್ರುವದ ಕಡೆ ತಿರುಗಲೇ ಇಲ್ಲ. ಜಪಾನಿನ ಬಳಿಯಿಂದ ಪೆಸಿಫಿಕ್ ದಾಟಿತು. ದಾರಿ ಉದ್ದವಾದರೂ ಗಾಳಿ ಬೆನ್ನಿಗಿದ್ದುದರಿಂದ ಹದಿನಾರು ಗಂಟೆಯಲ್ಲಿ ಇಳಿದೆವು. ಮರಳುವಾಗ ಹದಿನೇಳು ಗಂಟೆ ದಾಟಿತು.

ಇನ್ನೊಂದು ಮಾತು. ಹೋಗುವ ಟಿಕೆಟ್‌ನಲ್ಲಿ ಮಧ್ಯಾಹ್ನ ಹೊರಟು ಅದೇ ದಿನ ಸಂಜೆ ಇಳಿಯುವಂತೆ ಕಾಣುವುದು ಹದಿಮೂರೂವರೆ ಗಂಟೆಯ (ಅಲ್ಲಿನ ಬೇಸಿಗೆಯಲ್ಲಿ ಹನ್ನೆರಡೂವರೆ) ಕಾಲವ್ಯತ್ಯಾಸದಿಂದ. ಮಂಡಿನೋವಿರುವ ತಂದೆತಾಯಿಯರನ್ನು ಕಳುಹಿಸುವ ಮಕ್ಕಳು ದಯವಿಟ್ಟು ಇದನ್ನು ಅವರಿಗೆ ಮೊದಲೇ ಬಿಡಿಸಿ ಹೇಳಬೇಕು.