ಕುಮ್ಮಟದುರ್ಗದ ಯುದ್ಧ ಪ್ರೇಮಕ್ಕಾಗಿ ನಡೆದದ್ದಲ್ಲ: ಒಂದು ಸ್ಪಷ್ಟನೆ

"ದೆಹಲಿ ಸುಲ್ತಾನನ ಮಗಳು ಕುಮಾರರಾಮನನ್ನು ಪ್ರೀತಿಸಿದ್ದೇ ಕಂಪಿಲಿ ನಾಶಕ್ಕೆ ಕಾರಣ, ಇದು ಇತಿಹಾಸ" ಎಂಬ ಸಂದೇಶ ಗಂಗಾವತಿ, ಕಂಪ್ಲಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

ದೆಹಲಿ ಸುಲ್ತಾನ ಮಹಮ್ಮದ್ ಬಿನ್ ತುಘಲಕ್‌ನ ವಿರುದ್ಧ ದಂಗೆಯೆದ್ದ ಬಹಾವುದ್ದೀನ್ ಗುರ್ಶಾಸ್ಪನಿಗೆ ಕುಮಾರರಾಮನ ತಂದೆ, ಕಂಪಿಲಿಯ ಅರಸ ಕಂಪಿಲರಾಯ ಆಶ್ರಯ ಕೊಟ್ಟ. ಸುಲ್ತಾನನ ಸೈನ್ಯ ಕಂಪಿಲಿಯ ಕೋಟೆ ಕುಮ್ಮಟದುರ್ಗಕ್ಕೆ ಬಂದದ್ದು ಅದಕ್ಕೆ. 1327ರ ಸುಮಾರಿಗೆ ರಾಜ್ಯ ಬಿತ್ತು. ಅದೇ ಶತಮಾನದ ಮೊರಾಕ್ಕೊ ಪ್ರವಾಸಿ ಇಬ್ನ್ ಬತೂತನೂ ಈ ಆಶ್ರಯದ ಕಥೆಯನ್ನೇ ಬರೆದಿದ್ದಾನೆ, ಪ್ರೇಮದ ಸುಳಿವು ಅಲ್ಲಿಲ್ಲ. ಸುಲ್ತಾನನ ಮಗಳು ಬಾಬಮ್ಮ ಬರುವುದು ನಂತರದ ಕಾವ್ಯಗಳಲ್ಲಿ, ನಮ್ಮ ಜನಪದದಲ್ಲಿ.

ಹಾಗಂತ ಬಾಬಮ್ಮನನ್ನು ಕಿತ್ತೆಸೆಯಿರಿ ಎನ್ನುತ್ತಿಲ್ಲ. ಮಧ್ಯಯುಗದ ಪ್ರೇಮಕಥೆಗಳನ್ನು ನಾನೂ ಕಣ್ಣೊರೆಸಿಕೊಂಡೇ ಓದುತ್ತೇನೆ. ಕೋಟೆ ಬೀಳುತ್ತದೆಂದು ಮೊದಲ ಪುಟದಲ್ಲೇ ಗೊತ್ತಿರುತ್ತದೆ, ಆದರೂ ಇವರಿಬ್ಬರು ಒಂದು ಸಲವಾದರೂ ಎದುರಾಗಲಿ ಎಂದು ಜೀವ ಚಡಪಡಿಸುತ್ತದೆ. ಕುಮಾರರಾಮನ ಕಥೆಯಲ್ಲಂತೂ ಮಲತಾಯಿ ರತ್ನಾಜಿಯ ಆಸೆಗೆ ಅವನು ಒಲ್ಲೆನೆನ್ನುವ ಗಳಿಗೆಯೇ ಎಲ್ಲಕ್ಕಿಂತ ಹೆಚ್ಚು ಕಾಡುವುದು. ಅದಕ್ಕೇ ಜನ ಅವನನ್ನು ಪರನಾರಿ ಸಹೋದರ ಎಂದು ಕರೆದರು. ಶತ್ರುವಿನ ಮನೆಯ ಹೆಣ್ಣುಮಗಳೂ ಅವನಿಗೆ ಮನಸೋತಳು ಎಂದು ಹಾಡಿಕೊಂಡದ್ದು ಸೋತ ನಾಡಿನ ಪ್ರೀತಿ ಎಂದೇ ನನಗೆ ಅನಿಸುತ್ತದೆ.

ಸಂದೇಶ ಕಳಿಸಿದವರು ದಯವಿಟ್ಟು "ಇತಿಹಾಸ" ಎಂಬ ಪದ ತೆಗೆದು "ಕಾವ್ಯದ ಕಥೆ" ಎಂದು ಬರೆದು ಮತ್ತೆ ಹಂಚಿ.