ಚಾಂಗ್ಶಾದಲ್ಲಿ ಚಳಿಗಾಲಕ್ಕೆ ದೋಸೆ ಕೇಳಬೇಡಿ

ಚೀನಾದ ಒಳನಾಡಿನ ಊರೊಂದರಲ್ಲಿ ಭಾರತೀಯ ಹೋಟೆಲ್ ಹೊಸದಾಗಿ ತೆರೆದರೆ, ಅಲ್ಲಿರುವ ನಮ್ಮವರು ಮೊದಲ ವಾರವೇ ಹೋಗಿ ದೋಸೆ ತರಿಸಿ, 'ನಮ್ಮೂರಿನ ಥರ ಇಲ್ಲ' ಎಂದು ಮುಖ ಸಿಂಡರಿಸಿಕೊಂಡು ಬರುತ್ತಾರೆ. ಅಡುಗೆಯವನನ್ನು ಬೈಯುವ ಮುಂಚೆ ಸಾಮಾನು, ಹವೆ ಎರಡನ್ನೂ ನೋಡಬೇಕು ಎನ್ನುವುದು ನನ್ನ ವಾದ. ಸಗಟು ವ್ಯಾಪಾರದ ಊರಾದ ಯಿವೂ ಮಾತು ಬೇರೆ. ಅಲ್ಲಿ ನಮ್ಮ ವ್ಯಾಪಾರಿಗಳ ಓಡಾಟವಿದೆ, ಬೇಳೆಕಾಳಿಗೆ ತತ್ವಾರವಿಲ್ಲ. ಹುನಾನ್ ಪ್ರಾಂತ್ಯದ ಚಾಂಗ್ಶಾದಂಥ ಕಡೆ ಹೋಟೆಲ್ ಉಳಿಯಬೇಕಾದರೆ ಸ್ಥಳೀಯರೇ ಬರಬೇಕು.

ದೋಸೆ ಕೆಡುವುದಕ್ಕೆ ಅಕ್ಕಿಯ ನೆಪ ಹೇಳುವ ಹಾಗಿಲ್ಲ. ಉದ್ದಕಾಳಿನ ಅಕ್ಕಿ ಹುನಾನಿನಲ್ಲೇ ಬೆಳೆಯುತ್ತದೆ. ಚೀನಾದ ಈಶಾನ್ಯದಿಂದ ಬರುವ ಗುಂಡುಕಾಳಿನ ಅಕ್ಕಿ ನೆನೆಹಾಕಿದರೆ ಮಾತ್ರ ಹಿಟ್ಟು ಕಾವಲಿಗೆ ಅಂಟುತ್ತದೆ, ದೋಸೆ ಒಳಗೆ ಜಿಗುಟಾಗುತ್ತದೆ. ನಿಜವಾದ ಶತ್ರು ಚಳಿ. ಯಾಂಗ್ಟ್ಸೆ ನದಿಯ ದಕ್ಷಿಣದ ಊರುಗಳಲ್ಲಿ ಉತ್ತರದ ಹಾಗೆ ಇಡೀ ಊರಿಗೆ ಶಾಖ ಹಾಯಿಸುವ ಪದ್ಧತಿಯಿಲ್ಲ. ಜನವರಿಯಲ್ಲಿ ಚಾಂಗ್ಶಾದ ಸರಾಸರಿ ಉಷ್ಣತೆ ಸುಮಾರು 5 ಡಿಗ್ರಿ. ಹಿಟ್ಟು ಹುದುಗಲು 26ರಿಂದ 30 ಡಿಗ್ರಿ, 8ರಿಂದ 12 ಗಂಟೆ ಬೇಕು. ಹುದುಗಲಿಲ್ಲವೆಂದು ಅಡುಗೆಯವನು ಸೋಡಾ ಸುರಿದರೆ ದೋಸೆ ಬೇಗ ಕೆಂಪಾಗಿ ಸೋಪಿನ ರುಚಿ ಕೊಡುತ್ತದೆ. ಯೀಸ್ಟ್ ಹಾಕಿದರೆ ಬ್ರೆಡ್ಡಿನ ವಾಸನೆ, ಹುಳಿಯ ಸುಳಿವೇ ಇಲ್ಲ. ಉಪಾಯ ಪಕ್ಕದ ಬೀದಿಯಲ್ಲೇ ಇದೆ: ಬಾವ್‌ಝಿ (ಹೂರಣ ತುಂಬಿ ಹಬೆಯಲ್ಲಿ ಬೇಯಿಸಿದ ಬನ್ನು) ಅಂಗಡಿಯವರು ಮೈದಾ ಉಬ್ಬಲು ಇಡುವ ಬಿಸಿ ಪೆಟ್ಟಿಗೆ. ಅದನ್ನು 30 ಡಿಗ್ರಿಗೆ ಇಟ್ಟರೆ ಉದ್ದಿನ ಹಿಟ್ಟೂ ಉಬ್ಬುತ್ತದೆ.

ಅಷ್ಟಾದರೂ ದೋಸೆಗೆ ಅಲ್ಲಿನ ಊಟದ ರೀತಿ ಹೊಂದುವುದಿಲ್ಲ. ಎಲ್ಲವೂ ಮೇಜಿನ ನಡುವೆ ಬರಬೇಕು, ಎಲ್ಲರೂ ಚಾಪ್‌ಸ್ಟಿಕ್ಕಿನಲ್ಲಿ ಸ್ವಲ್ಪ ಸ್ವಲ್ಪ ಎತ್ತಿಕೊಳ್ಳಬೇಕು. ನಾಲ್ಕು ಜನ ಮಾತಾಡುತ್ತಾ ಹರಿದುಕೊಳ್ಳುವಷ್ಟರಲ್ಲಿ ಗರಿಗರಿ ದೋಸೆ ಒದ್ದೆ ಬಟ್ಟೆಯಾಗಿರುತ್ತದೆ. ಕಾವಲಿಯಿಂದ ನೇರ ತಟ್ಟೆಗೆ, ನಿಂತಲ್ಲೇ ಬಾಯಿಗೆ ಎನ್ನುವ ದರ್ಶಿನಿಯ ಕ್ರಮವೇ ಅದಕ್ಕೆ ಸರಿ. ದಾಲ್, ಕುರ್ಮಾ, ಬಿರಿಯಾನಿಗೆ ಮಾತ್ರ ಚೀನೀ ಪದ್ಧತಿಯೇ ಮೇಲು ಅನ್ನುತ್ತೇನೆ. ನಮ್ಮಲ್ಲಿ ಒಬ್ಬೊಬ್ಬರೂ ಒಂದೊಂದು ಪ್ಲೇಟ್ ತರಿಸಿ ಅರ್ಧ ಬಿಡುತ್ತೇವೆ. ಅಲ್ಲಿ ನಾಲ್ವರಿಗೆ ಮೂರು ಗ್ರೇವಿ, ಮೂರು ನಾನ್, ಒಂದು ಅನ್ನ ಧಾರಾಳವಾಯಿತು. ನಾನ್ ಜೊತೆಗೆ ತೆಳು ಪ್ಲಾಸ್ಟಿಕ್ ಕೈಗವಸು ಕೊಟ್ಟರೆ ಬೆರಗಾಗಬೇಡಿ. ಆ ಊರಲ್ಲಿ ಸಿಗಡಿಯಂಥ ಕ್ರೇಫಿಶ್ ತಿನ್ನುವುದೂ ಅದನ್ನು ಹಾಕಿಕೊಂಡೇ.

ಖಾರಕ್ಕೆ ಹುನಾನಿನವರು ಹೆದರುವವರಲ್ಲ. ಅವರಿಗೆ ಒಗ್ಗದ್ದು ಗರಂ ಮಸಾಲೆ. ಅವರ ಅಡುಗೆಯಲ್ಲಿ ಲವಂಗ, ದೊಡ್ಡ ಏಲಕ್ಕಿ ಇಡಿಯಾಗಿ ಬೇಯುತ್ತವೆ, ತಿನ್ನುವಾಗ ಪಕ್ಕಕ್ಕೆ ಹೋಗುತ್ತವೆ. ಪುಡಿ ಮಾಡಿ ಗೊಜ್ಜಿಗೆ ಬೆರೆಸಿದರೆ ಔಷಧಿ ವಾಸನೆ ಎನ್ನುತ್ತಾರೆ. ಜೀರಿಗೆ ಹಾಕಿದ ಕುರಿಮಾಂಸವಾದರೆ ಷಿನ್‌ಜಿಯಾಂಗ್ ಕಬಾಬಿನಿಂದ ಪರಿಚಿತ, ಹಾಗಾಗಿ ಹೊಸ ಹೋಟೆಲಿನಲ್ಲಿ ಅದು ಹೆಚ್ಚಾಗಿ ಚೆನ್ನಾಗಿರುತ್ತದೆ. ಪನೀರ್ ಯಾವ ಹಾಲಿನದೆಂದು ವಿಚಾರಿಸಿಯೇ ತರಿಸಿ. ಫ್ರಿಜ್ ಹೊರಗೆ ತಿಂಗಳುಗಟ್ಟಲೆ ಉಳಿಯುವ ಪೊಟ್ಟಣದ ಹಾಲು ಅತಿ ಶಾಖಕ್ಕೆ ಸಿಕ್ಕಿರುವುದರಿಂದ ಒಡೆದಾಗ ನುಣ್ಣನೆಯ ರವೆಯಂತಾಗುತ್ತದೆ, ಗಟ್ಟಿ ಕಟ್ಟುವುದಿಲ್ಲ. ತಣ್ಣನೆ ಕಪಾಟಿನ ತಾಜಾ ಹಾಲೇ ಬೇಕು. ಲೀಟರಿಗೆ 150ರಿಂದ 200 ಗ್ರಾಂ ಪನೀರ್ ಸಿಗುತ್ತದೆ, ಬೆಲೆ ಏರುವುದು ಅದಕ್ಕೇ.

ರಿಯಾಯಿತಿ ಫಲಕದಲ್ಲಿ 8 ಎಂದಿದ್ದರೆ ಶೇ. 8 ಕಡಿತವಲ್ಲ, ಹತ್ತರಲ್ಲಿ ಎಂಟು ಭಾಗ ಕೊಟ್ಟರೆ ಸಾಕು ಎಂದು. ಟಿಪ್ಸ್ ಇಡುವ ರೂಢಿಯಿಲ್ಲ.

ಸಸ್ಯಾಹಾರಿಗಳು 'ಮಾಂಸ ಬೇಡ' ಎಂದಷ್ಟೇ ಹೇಳಿದರೆ ತುಂಡುಗಳನ್ನು ಬಿಟ್ಟು, ಕೋಳಿಸಾರದ ಪುಡಿ ಹಾಕಿಯೇ ತರಬಹುದು. ಅಡುಗೆಮನೆಯಲ್ಲಿ ಸ್ಥಳೀಯ ಹುಡುಗರೂ ಇರುತ್ತಾರಲ್ಲ. ಹಂದಿ ಕೊಬ್ಬು, ಕೋಳಿಸಾರದ ಪುಡಿ, ಆಯ್ಸ್ಟರ್ (ಸಿಂಪಿ) ಸಾಸ್ ಮೂರೂ ಬೇಡವೆಂದು ಚೀನೀ ಲಿಪಿಯಲ್ಲಿ ಫೋನಿನಲ್ಲಿ ಬರೆದು ತೋರಿಸಿ. ಈರುಳ್ಳಿ, ಬೆಳ್ಳುಳ್ಳಿ ಇರಲಿ ಎಂದೂ ಸೇರಿಸಿ, ಇಲ್ಲದಿದ್ದರೆ ಬೌದ್ಧ ವ್ರತದವರೆಂದು ತಿಳಿದು ಅವೆರಡನ್ನೂ ಬಿಟ್ಟ ದಾಲ್ ತಂದಿಟ್ಟಾರು.